ಶವಯಾತ್ರೆಯ ನಂತರದ ಕಾಗದ: ಪ್ರತಿಭಟನಕಾರನ ಸಾವಿಗೆ ಸೇನೆ ಕೊಡುವ ಉತ್ತರವನ್ನು ಹಿಂಬಾಲಿಸುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಏಳೆಂಟು ಜನ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ನನ್ನ ವಕೀಲಿ ಕಚೇರಿಯ ಮುಂಗೋಣೆಯಲ್ಲಿ ಕೂಡುತ್ತಾರೆ. ನರಗುಂದ, ಗದಗ, ರಾಣೆಬೆನ್ನೂರು, ಹಾನಗಲ್ ಕಡೆಯಿಂದ ಬಂದವರು. ಅಂತರರಾಷ್ಟ್ರೀಯ ವಿಷಯಗಳ ಮೇಲೆ ಪ್ರಬಂಧ ಬರೆಯುವುದನ್ನು ಕಲಿಯಬೇಕೆಂದು ಆರಂಭವಾದ ಈ ಕೂಟದಲ್ಲಿ ಇಸ್ರೇಲ್–ಪ್ಯಾಲೆಸ್ಟೀನ್ ವಿಷಯ ಬಂದಾಗಲೆಲ್ಲ ಒಂದು ತೊಂದರೆ ಎದುರಾಗುತ್ತಿತ್ತು. ಎಲ್ಲರೂ ತೀರ್ಪನ್ನು ಮೊದಲೇ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಸಾಕ್ಷ್ಯ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ನಮ್ಮ ಊರುಗಳಲ್ಲಿ ಈ ವಿಷಯ ಎರಡನೇ ವಾಕ್ಯಕ್ಕೇ ಹಿಂದೂ–ಮುಸ್ಲಿಂ ಜಗಳದ ದಾರಿ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಮತ್ತು ಅದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ. ಅದಕ್ಕಾಗಿ ನಾನು ಅವರಿಗೆ ಒಂದು ಅಭ್ಯಾಸ ಹಚ್ಚಿದೆ: ಅಲ್ಲಿನ ಪ್ರತಿಭಟನೆಯೊಂದರಲ್ಲಾದ ಒಂದು ಸಾವನ್ನು ಆರಿಸಿಕೊಳ್ಳಿ, ಅದಕ್ಕೊಂದು ನೋಟ್‌ಬುಕ್ ಇಡಿ, ಆ ಸಾವಿನ ಬಗ್ಗೆ ಸೇನೆ, ಸರ್ಕಾರ ಮತ್ತು ನ್ಯಾಯಾಲಯ ಯಾವ ದಿನ ಏನು ಹೇಳಿದವು ಎಂಬುದನ್ನು ತಾರೀಖಿನ ಸಮೇತ ಬರೆಯುತ್ತ ಹೋಗಿ. ಸತ್ತ ದಿನದ ಸುದ್ದಿಯಲ್ಲಿ ಹೊಣೆಗಾರಿಕೆ ಕಾಣಿಸುವುದಿಲ್ಲ. ಅದು ಕಾಣಿಸುವುದು ಶವಯಾತ್ರೆ ಮುಗಿದ ಮೇಲೆ ಓಡಾಡುವ ಕಾಗದಗಳಲ್ಲಿ. ಆ ಕಾಗದದ ಬೆನ್ನು ಹತ್ತುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಸುದ್ದಿಯ ತಲೆಬರಹವನ್ನು ಇದ್ದಹಾಗೆ ಬರೆದುಕೊಂಡು, ಅದರ ಕೆಳಗೆ ಅದನ್ನು ಪೂರ್ಣ ವಾಕ್ಯವಾಗಿ ತಿರುಗಿ ಬರೆಯಿರಿ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಮುಗಿಸುವುದು ಬಹಳ ಸುಲಭ. 'ಘರ್ಷಣೆ: ಯುವಕ ಬಲಿ' ಎಂಬಲ್ಲಿ ಕೊಂದವರು ಯಾರೂ ಇಲ್ಲ, 'ಗುಂಡು ತಗುಲಿ ಸಾವು' ಎಂಬಲ್ಲಿ ಗುಂಡು ತಾನಾಗಿಯೇ ಹಾರಿ ಬಂದಂತೆ ಕೇಳುತ್ತದೆ. ಯಾರು, ಯಾವ ಆಯುಧದಿಂದ, ಎಷ್ಟು ದೂರದಿಂದ, ಯಾರ ದೇಹದ ಯಾವ ಭಾಗಕ್ಕೆ, ಆ ಗಳಿಗೆಯಲ್ಲಿ ಅವನು ಏನು ಮಾಡುತ್ತಿದ್ದಾಗ ಹೊಡೆದರು ಎಂಬ ಆರು ಸ್ಥಾನಗಳನ್ನು ತುಂಬಲು ಯತ್ನಿಸಿ. ತುಂಬಲಾಗದ ಸ್ಥಾನವನ್ನು ಖಾಲಿ ಬಿಡಿ, ಊಹೆಯಿಂದ ತುಂಬಬೇಡಿ. 'ಗಲಭೆಕೋರ', 'ಹುತಾತ್ಮ', 'ಭಯೋತ್ಪಾದಕ' ಎಂಬ ಮಾತುಗಳು ಬಂದರೆ ಆ ಮಾತನ್ನು ಆಡಿದವರು ಯಾರೆಂದು ಪಕ್ಕದಲ್ಲಿ ಬರೆದಿಡಿ; ನಿಮ್ಮ ವಾಕ್ಯದಲ್ಲಿ 'ಪ್ರತಿಭಟನೆಯಲ್ಲಿದ್ದ ವ್ಯಕ್ತಿ' ಎಂದರೆ ಸಾಕು. ಕಲ್ಲು ತೂರಾಟ ನಡೆದಿದ್ದರೆ ಅದನ್ನೂ ಬರೆಯಬೇಕು. ಆದರೆ ಸ್ಥಳದಲ್ಲಿ ಕಲ್ಲು ತೂರಾಟ ನಡೆಯುತ್ತಿತ್ತು ಎನ್ನುವುದು ಬೇರೆ, ಸತ್ತವನು ಆ ಕ್ಷಣದಲ್ಲಿ ಕಲ್ಲು ಎತ್ತಿದ್ದ ಎನ್ನುವುದು ಬೇರೆ, ಆ ಕಲ್ಲಿನಿಂದ ಒಬ್ಬರ ಜೀವಕ್ಕೆ ಅಪಾಯವಿತ್ತು ಎನ್ನುವುದು ಇನ್ನೂ ಬೇರೆ. ಈ ಮೂರನ್ನು ಕಲಸಿದ ಕೂಡಲೇ ವಿಚಾರಣೆ ಅಲ್ಲಿಗೇ ಮುಗಿದುಹೋಗುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂಬುದನ್ನು ಮಕ್ಕಳಿಗೆ ನರಗುಂದದ ಮೂಲಕ ಹೇಳುತ್ತೇನೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ನಡೆದ ರೈತ ಬಂಡಾಯದಲ್ಲಿ ಪೊಲೀಸರ ಗುಂಡಿಗೆ ರೈತರು ಸತ್ತರು, ಜನರ ಸಿಟ್ಟಿಗೆ ಪೊಲೀಸ್ ಸಿಬ್ಬಂದಿಯೂ ಪ್ರಾಣ ಕಳೆದುಕೊಂಡರು. ಇಂದಿಗೂ ಜುಲೈ 21ಕ್ಕೆ ನರಗುಂದದ ವೀರಗಲ್ಲಿಗೆ ಮಾಲೆ ಬೀಳುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಲು ಬಂದ ರೈತರ ಮೇಲೆ ಗೋಲಿಬಾರ್ ಆಯಿತು. ಈ ಎರಡೂ ದಿನಗಳ ಬಗ್ಗೆ ನಮ್ಮವರು ಕೇಳುವ ಪ್ರಶ್ನೆ ಇಂದಿಗೂ ಒಂದೇ: ಗುಂಡು ಹಾರಿಸಲು ಹೇಳಿದವರು ಯಾರು, ಅದಕ್ಕೆ ಬೇರೆ ದಾರಿ ಇರಲಿಲ್ಲವೇ? ಪಶ್ಚಿಮ ದಂಡೆಯ ಹಳ್ಳಿಯ ತಾಯಿ ಕೇಳುವುದೂ ಅದನ್ನೇ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು. ನಮ್ಮಲ್ಲಿ ಗುಂಡು ಹಾರಿಸಿದವರು ನಮ್ಮದೇ ಸರ್ಕಾರದ ಪೊಲೀಸರು, ಅವರನ್ನು ನೇಮಿಸಿದ ಸರ್ಕಾರವನ್ನು ಐದು ವರ್ಷಕ್ಕೊಮ್ಮೆ ಬದಲಿಸುವ ಮತ ನಮ್ಮ ಕೈಯಲ್ಲಿತ್ತು. 1967ರಿಂದ ಇಸ್ರೇಲಿನ ಸೇನಾ ಆಡಳಿತದಡಿ ಇರುವ ಪಶ್ಚಿಮ ದಂಡೆಯ ಪ್ಯಾಲೆಸ್ಟೀನಿಯನ್ನರಿಗೆ ಆ ಸೇನೆಯನ್ನು ಕಳಿಸುವ ಸರ್ಕಾರದ ಚುನಾವಣೆಯಲ್ಲಿ ಮತವಿಲ್ಲ.

ಮುಂದಿನ ಕೆಲಸವೆಂದರೆ ಗುಂಡು ಹಾರಿಸಿದವನ ಸಮವಸ್ತ್ರವನ್ನು ಗುರುತಿಸುವುದು. ಇದು ಸಣ್ಣ ವಿಷಯವೆಂದು ಬಿಡಬೇಡಿ, ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿರುತ್ತದೆ. ಹಾರಿಸಿದವನು ಸೈನಿಕನಾದರೆ ತನಿಖೆ ಸೇನಾ ಪೊಲೀಸರ ಅಪರಾಧ ತನಿಖಾ ವಿಭಾಗಕ್ಕೆ ಹೋಗುತ್ತದೆ, ಮೊಕದ್ದಮೆ ಹೂಡಬೇಕೋ ಬೇಡವೋ ಎಂಬುದನ್ನು ಸೇನೆಯ ಅಡ್ವೊಕೇಟ್ ಜನರಲ್ ನಿರ್ಧರಿಸುತ್ತಾರೆ. ಗಡಿ ಪೊಲೀಸನಾದರೆ ಅವನು ಪೊಲೀಸ್ ಇಲಾಖೆಗೆ ಸೇರಿದವನು. ಅವನ ಪ್ರಕರಣ ನ್ಯಾಯ ಸಚಿವಾಲಯದ ಅಡಿಯ ಪೊಲೀಸ್ ತನಿಖಾ ಇಲಾಖೆಗೆ ಹೋಗಿ, ಅಲ್ಲಿಂದ ನಾಗರಿಕ ನ್ಯಾಯಾಲಯಕ್ಕೆ ಹೋಗಬಹುದು. ಚಿತ್ರದಲ್ಲಿ ಇಬ್ಬರೂ ಹೆಲ್ಮೆಟ್ ಹಾಕಿ ಬಂದೂಕು ಹಿಡಿದಿರುತ್ತಾರೆ, ಸುದ್ದಿಯಲ್ಲಿ ಇಬ್ಬರೂ 'ಇಸ್ರೇಲಿ ಪಡೆ' ಆಗಿರುತ್ತಾರೆ.

ಆಯುಧದ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. 'ರಬ್ಬರ್ ಗುಂಡು' ಎಂದು ನಾವು ಅನುವಾದಿಸುವ ವಸ್ತು ಬಹಳ ಸಲ ರಬ್ಬರಿನ ತೆಳು ಹೊದಿಕೆ ಇರುವ ಉಕ್ಕಿನ ಗುಂಡು. ಅಶ್ರುವಾಯು ಶೆಲ್ ಎಂದರೆ ಹೊಗೆ ಎಂದುಕೊಳ್ಳುತ್ತೇವೆ. ಆದರೆ ಲಾಂಚರಿನಿಂದ ಎದೆಯ ಮಟ್ಟಕ್ಕೆ ನೇರವಾಗಿ ಹಾರಿಸಿದ ಲೋಹದ ಶೆಲ್ ಹೊಗೆ ಬಿಡುವ ಮೊದಲೇ ಕೊಲ್ಲುತ್ತದೆ. ಆದ್ದರಿಂದ ಕೋನ ಮುಖ್ಯ, ದೂರ ಮುಖ್ಯ, ಮರಣೋತ್ತರ ಪರೀಕ್ಷೆ ಎಲ್ಲಕ್ಕಿಂತ ಮುಖ್ಯ. ಅನೇಕ ಕುಟುಂಬಗಳು ಅದೇ ದಿನ ಮಣ್ಣು ಮಾಡುತ್ತವೆ. ಧರ್ಮದ ಪದ್ಧತಿಯೂ ಹೌದು, ದೇಹವನ್ನು ತಮ್ಮ ಕೈಯಿಂದ ಕಳೆದುಕೊಳ್ಳುವ ಭಯವೂ ಹೌದು. ಆಮೇಲೆ ಪರೀಕ್ಷೆ ಇಲ್ಲದ್ದರಿಂದ ಸಾಕ್ಷ್ಯವಿಲ್ಲ ಎಂಬ ಷರಾ ಕಡತದ ಮೇಲೆ ಬೀಳುವುದು ಸುಲಭವಾಗುತ್ತದೆ.

ಸಾಕ್ಷ್ಯ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಬೈತೂನಿಯಾದ ಪುಟವನ್ನು ತೆರೆದು ತೋರಿಸುತ್ತೇನೆ. 2014ರ ಮೇ 15, ನಕ್ಬಾ ದಿನ, ಅಂದರೆ 1948ರಲ್ಲಿ ಮನೆ ಮಠ ಕಳೆದುಕೊಂಡದ್ದನ್ನು ಪ್ಯಾಲೆಸ್ಟೀನಿಯನ್ನರು ನೆನೆಯುವ ದಿನ. ರಾಮಲ್ಲಾದ ಪಕ್ಕದ ಬೈತೂನಿಯಾದಲ್ಲಿ ಪ್ರತಿಭಟನೆ. 17 ವರ್ಷದ ನದೀಮ್ ನವಾರಾ ಬೆನ್ನಿಗೆ ಶಾಲೆಯ ಚೀಲ ಹಾಕಿಕೊಂಡು ರಸ್ತೆಯಲ್ಲಿ ನಡೆದು ಬರುತ್ತಾನೆ, ಒಮ್ಮೆಲೇ ಮುಂದಕ್ಕೆ ಕುಸಿಯುತ್ತಾನೆ. ಸುಮಾರು ಒಂದು ತಾಸಿನ ನಂತರ ಹತ್ತಿರ ಹತ್ತಿರ ಅದೇ ಜಾಗದಲ್ಲಿ ಇನ್ನೊಬ್ಬ ಹುಡುಗ ಬೀಳುತ್ತಾನೆ. ಆ ದಿನ ಜೀವಂತ ಗುಂಡು, ಅಂದರೆ ರಬ್ಬರ್ ಹೊದಿಕೆಯಿಲ್ಲದ ಮಾಮೂಲಿ ಬಂದೂಕಿನ ಗುಂಡು, ಬಳಸಿಯೇ ಇಲ್ಲ ಎಂದು ಸೇನೆ ಹೇಳಿತು. ಆದರೆ ಎದುರಿನ ಕಟ್ಟಡದ ಕಣ್ಗಾವಲು ಕ್ಯಾಮೆರಾ ಎರಡೂ ಸಾವುಗಳನ್ನು ಸೆರೆಹಿಡಿದಿತ್ತು, ಸಿಎನ್‌ಎನ್ ತಂಡವೊಂದು ಅದೇ ಹೊತ್ತಿಗೆ ಗುಂಡು ಹಾರಿಸುವವರ ಕಡೆಯನ್ನು ಚಿತ್ರಿಸಿತ್ತು. ಮಗನ ಎದೆಯನ್ನು ಹಾದು ಬಂದ ಗುಂಡು ಅವನ ಚೀಲದಲ್ಲಿದ್ದ ಪುಸ್ತಕದಲ್ಲಿ ಸಿಕ್ಕಿಕೊಂಡಿದ್ದುದು ತಂದೆಗೆ ಸಿಕ್ಕಿತು. ನೋಟ್‌ಬುಕ್ಕಿನ ಈ ಸಾಲು ಓದುವಾಗ ಪ್ರತಿ ಸಲ ಕೋಣೆಯಲ್ಲಿ ಮಾತು ನಿಲ್ಲುತ್ತದೆ. ಅಲ್ಲಿ ಕೂತವರ ಕಾಲ ಬಳಿಯೂ ಅಂಥದೇ ಚೀಲಗಳು ಇರುತ್ತವೆ. ಕುಟುಂಬ ಒಪ್ಪಿದ ಮೇಲೆ ಹೂತ ದೇಹವನ್ನು ಹೊರತೆಗೆದು ಪರೀಕ್ಷೆ ಮಾಡಲಾಯಿತು, ಗುಂಡಿನ ಸದ್ದನ್ನೂ ತಜ್ಞರು ವಿಶ್ಲೇಷಿಸಿದರು. ಗಡಿ ಪೊಲೀಸನೊಬ್ಬನ ಮೇಲೆ ಮೊದಲು ನರಹತ್ಯೆಯ ಆರೋಪ ಬಂತು. ಆಮೇಲೆ ಆರೋಪವನ್ನು ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಇಳಿಸಿ ರಾಜಿ ಮಾಡಿಕೊಳ್ಳಲಾಯಿತು. ರಬ್ಬರ್ ಗುಂಡೆಂದು ಭಾವಿಸಿ ತಪ್ಪಿ ಜೀವಂತ ಗುಂಡು ಹಾರಿಸಿದ್ದಾಗಿ ಅವನ ವಾದ. 2018ರ ಏಪ್ರಿಲ್‌ನಲ್ಲಿ 9 ತಿಂಗಳ ಸೆರೆವಾಸ, ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು 18 ತಿಂಗಳಿಗೆ ಏರಿಸಿತು. ಎರಡನೇ ಹುಡುಗನ ಸಾವಿಗೆ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಈ ಪುಟದಿಂದ ಕಲಿಯಬೇಕಾದ ಕೌಶಲ ಒಂದೇ: ಅಧಿಕಾರಿಗಳ ಮೊದಲ ಹೇಳಿಕೆಯನ್ನು ಅಕ್ಷರಶಃ ಬರೆದಿಟ್ಟುಕೊಳ್ಳುವುದು, ಮತ್ತು ಅದು ಯಾವ ದಿನ, ಯಾವ ಪುರಾವೆ ಬಂದ ಮೇಲೆ ಬದಲಾಯಿತು ಎಂಬುದನ್ನು ಅದರ ಎದುರಿಗೇ ಬರೆಯುವುದು.

ಈಗ ತನಿಖೆಯ ಬಾಗಿಲುಗಳ ವಿಷಯ. ಪಶ್ಚಿಮ ದಂಡೆಯಲ್ಲಿ ಒಬ್ಬ ಸತ್ತರೆ ಸೇನೆಯ ಒಳಗೆ ಮೊದಲು ನಡೆಯುವುದು ಕಾರ್ಯಾಚರಣೆಯ ಆಂತರಿಕ ವಿಚಾರಣೆ. ಅದು ಪಾಠ ಕಲಿಯುವುದಕ್ಕಾಗಿ ಇರುವ ವ್ಯವಸ್ಥೆ. ಅಲ್ಲಿ ಸೈನಿಕ ಹೇಳಿದ್ದನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಅಪರಾಧ ತನಿಖೆ ಎಂಬುದು ಬೇರೆಯೇ ಬಾಗಿಲು. 2000ರಲ್ಲಿ ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯನ್ನರ ದಂಗೆ, ಆರಂಭವಾದ ಮೇಲೆ ಇಂಥ ಸಾವುಗಳಿಗೆ ತಾನಾಗಿ ತನಿಖೆ ತೆರೆಯುವ ಪದ್ಧತಿ ನಿಂತಿತು. 2011ರ ಏಪ್ರಿಲ್‌ನಲ್ಲಿ ನೀತಿ ಮತ್ತೆ ಬದಲಾಗಿ, ಪಶ್ಚಿಮ ದಂಡೆಯಲ್ಲಿ ಸೈನಿಕರಿಂದ ನಾಗರಿಕ ಸತ್ತರೆ ಕೂಡಲೇ ಸೇನಾ ಪೊಲೀಸ್ ತನಿಖೆ ಆಗಬೇಕೆಂದಾಯಿತು. ಆದರೆ ಘಟನೆ ಸ್ಪಷ್ಟವಾಗಿ ಯುದ್ಧದ ಸ್ವರೂಪದ್ದಾಗಿದ್ದರೆ ಈ ನಿಯಮ ಅನ್ವಯಿಸದು. ನಿಮ್ಮ ನೋಟ್‌ಬುಕ್ಕಿನಲ್ಲಿ 'ತನಿಖೆ' ಎಂಬ ಮಾತು ಬಂದಾಗಲೆಲ್ಲ ಅದು ಇವುಗಳಲ್ಲಿ ಯಾವುದು ಎಂದು ಕೇಳಿಕೊಳ್ಳಿ. 'ತನಿಖೆ ನಡೆಯುತ್ತಿದೆ' ಎಂಬ ಸುದ್ದಿಯನ್ನು ಓದಿ ಸಮಾಧಾನ ಪಟ್ಟುಕೊಂಡು ಪುಟ ಮಗುಚುವ ಓದುಗರು ಬಹಳ ಜನ, ನಾನೂ ಹಾಗೆಯೇ ಓದುತ್ತಿದ್ದೆ.

ಬಿಲ್‌ಇನ್‌ನ ಪ್ರಕರಣದಲ್ಲಿ ಈ ಬಾಗಿಲುಗಳೆಲ್ಲ ಒಂದಾದ ಮೇಲೊಂದು ಕಾಣುತ್ತವೆ, ಆದ್ದರಿಂದ ಹೊಸದಾಗಿ ಕಲಿಯುವವರಿಗೆ ನಾನು ಅದನ್ನೇ ಕೊಡುತ್ತೇನೆ. ಇಸ್ರೇಲ್ ಕಟ್ಟಿದ ಪ್ರತ್ಯೇಕತಾ ಬೇಲಿ ತಮ್ಮ ಹೊಲಗಳನ್ನು ಆಚೆಗೆ ಹಾಕಿತೆಂದು ಪಶ್ಚಿಮ ದಂಡೆಯ ಬಿಲ್‌ಇನ್ ಗ್ರಾಮದವರು 2005ರಿಂದ ಪ್ರತಿ ಶುಕ್ರವಾರ ಪ್ರತಿಭಟಿಸುತ್ತಿದ್ದರು. ಬೇಲಿಯ ಮಾರ್ಗ ಬದಲಿಸಬೇಕೆಂದು 2007ರ ಸೆಪ್ಟೆಂಬರ್‌ನಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತ್ತು, ಬೇಲಿ ಸರಿದದ್ದು 2011ರಲ್ಲಿ. ಆ ನಡುವಿನ ಒಂದು ಶುಕ್ರವಾರ, 2009ರ ಏಪ್ರಿಲ್ 17ರಂದು, ಬಾಸಿಮ್ ಅಬು ರಹ್ಮಾ ಎಂಬುವರ ಎದೆಗೆ ದೂರಕ್ಕೆ ಹಾರುವ ಬಗೆಯ ಅಶ್ರುವಾಯು ಶೆಲ್ ಬಡಿದು ಅವರು ಸತ್ತರು. ಮೂರು ಕ್ಯಾಮೆರಾಗಳಲ್ಲಿ ಇದು ದಾಖಲಾಗಿತ್ತು. ಸೇನೆ ಮೊದಲಿಗೆ ಅಪರಾಧ ತನಿಖೆ ಬೇಡವೆಂದಿತು. ಶೆಲ್ ಮೇಲ್ಮುಖವಾಗಿ ಹಾರಿಸಿದ್ದು, ಬೇಲಿಯ ತಂತಿಗೆ ತಗುಲಿ ದಿಕ್ಕು ಬದಲಿಸಿತು ಎಂಬುದು ವಿವರಣೆ. ಕುಟುಂಬದ ವಕೀಲರು ಮತ್ತು ಬಿತ್ಸೆಲೆಮ್ ಎಂಬ ಇಸ್ರೇಲಿ ಮಾನವ ಹಕ್ಕು ಸಂಸ್ಥೆ ವಿಡಿಯೊಗಳನ್ನು ತಜ್ಞರಿಗೆ ಕೊಟ್ಟು ಹಾರಿದ ಕೋನವನ್ನು ಲೆಕ್ಕ ಹಾಕಿಸಿದರು. ನೇರವಾಗಿ ಹಾರಿಸಿದ್ದು ಎಂದು ತಜ್ಞರ ಅಭಿಪ್ರಾಯ ಬಂತು. ಸುಪ್ರೀಂ ಕೋರ್ಟಿಗೆ ಹೋಗುವೆವೆಂದ ಮೇಲೆ 2010ರ ಜುಲೈಯಲ್ಲಿ ತನಿಖೆಗೆ ಆದೇಶವಾಯಿತು. 2013ರಲ್ಲಿ ಸಾಕ್ಷ್ಯ ಸಾಲದೆಂದು ಕಡತ ಮುಚ್ಚಿತು. ತಾಯಿ ಮೇಲ್ಮನವಿ ಮಾಡಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು.

ಈ ತಾರೀಖುಗಳನ್ನು ಒಂದರ ಕೆಳಗೆ ಒಂದು ಬರೆದು, ಎರಡು ತಾರೀಖಿನ ನಡುವಿನ ಅಂತರವನ್ನು ಪಕ್ಕದಲ್ಲಿ ಲೆಕ್ಕ ಹಾಕಿ. ಸಾವಿನಿಂದ ತನಿಖೆಯ ಆದೇಶಕ್ಕೆ 15 ತಿಂಗಳು, ತನಿಖೆಯಿಂದ ಕಡತ ಮುಚ್ಚಲು 3 ವರ್ಷ, ಒಟ್ಟು 9 ವರ್ಷ. ಕೋರ್ಟಿನಲ್ಲಿ ದಿನಾಂಕ ಮುಂದೂಡುವುದನ್ನು ದಿನವೂ ನೋಡುವ ನನಗೆ ಈ ಅಂತರವೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಹದಿನೈದು ತಿಂಗಳ ನಂತರ ಪ್ರಶ್ನೆ ಕೇಳಿದರೆ ಸೈನಿಕನಿಗೆ ನೆನಪಿಲ್ಲ, ಸಾಕ್ಷಿದಾರ ಚದುರಿರುತ್ತಾನೆ, ಲಾಂಚರ್ ಯಾವ ಕೈಯಲ್ಲಿತ್ತು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಸಾಕ್ಷ್ಯ ಸಾಲದು ಎಂಬ ಮಾತು ಸುಳ್ಳಲ್ಲದೆಯೂ ಅನ್ಯಾಯವಾಗಿರುತ್ತದೆ.

ಒಂದೇ ಪ್ರಕರಣದಿಂದ ಇಡೀ ವ್ಯವಸ್ಥೆಯ ಬಗ್ಗೆ ತೀರ್ಮಾನಕ್ಕೆ ಬರಬಾರದು. ಅದಕ್ಕೆ ಎಣಿಕೆ ಬೇಕು. ಬಿತ್ಸೆಲೆಮ್ 2016ರ ಮೇ ತಿಂಗಳಲ್ಲಿ ತಾನು ಇನ್ನು ಮುಂದೆ ಸೇನೆಯ ತನಿಖಾ ವ್ಯವಸ್ಥೆಗೆ ದೂರುಗಳನ್ನು ಕಳಿಸುವುದಿಲ್ಲ ಎಂದು ಪ್ರಕಟಿಸಿತು. 2000ದಿಂದ ಅದು ಸಾವು, ಗಾಯ, ಹೊಡೆತ, ಆಸ್ತಿ ಹಾನಿಗಳ 739 ಪ್ರಕರಣಗಳಲ್ಲಿ ತನಿಖೆ ಕೇಳಿತ್ತು. 182ರಲ್ಲಿ ತನಿಖೆಯೇ ಆಗಲಿಲ್ಲ, 343 ತನಿಖೆಗಳು ಕ್ರಮವಿಲ್ಲದೆ ಮುಚ್ಚಿದವು, ಆರೋಪಪಟ್ಟಿ ಸಲ್ಲಿಕೆಯಾದದ್ದು 25ರಲ್ಲಿ. ಇಸ್ರೇಲಿ ಸೇನೆಯ ನಿಲುವು ಬೇರೆ: ತಮ್ಮದು ಸ್ವತಂತ್ರ ಕಾನೂನು ವ್ಯವಸ್ಥೆ, ಅದರ ಮೇಲೆ ಅಟಾರ್ನಿ ಜನರಲ್ ಮತ್ತು ಸುಪ್ರೀಂ ಕೋರ್ಟಿನ ನಿಗಾ ಇದೆ, ಹಿಂಸೆಯ ನಡುವೆ ಕ್ಷಣಾರ್ಧದಲ್ಲಿ ತೆಗೆದುಕೊಂಡ ನಿರ್ಧಾರಗಳನ್ನು ಕ್ರಿಮಿನಲ್ ಅಪರಾಧವೆಂದು ನೋಡಲಾಗದು ಎಂಬುದು. ಎರಡನ್ನೂ ಬರೆಯಿರಿ. ಬರೆದ ಮೇಲೆ ಸಂಖ್ಯೆ ಯಾವ ಕಡೆಗೆ ತೂಗುತ್ತದೆ ಎಂದು ನೋಡುವುದರಲ್ಲಿ ಪಕ್ಷಪಾತವಿಲ್ಲ.

ಶಿಕ್ಷೆಯಾದ ಪ್ರಕರಣಗಳೂ ಇವೆ, ಅವುಗಳ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯಬೇಕು: ಇದನ್ನು ಮುಂದೆ ತಳ್ಳಿದವರು ಯಾರು? 2003ರ ಏಪ್ರಿಲ್ 11ರಂದು ಗಾಜಾ ಪಟ್ಟಿಯ ರಫಾದಲ್ಲಿ, ಗುಂಡಿನ ದಾರಿಯಲ್ಲಿದ್ದ ಮಕ್ಕಳನ್ನು ಪಕ್ಕಕ್ಕೆ ಸರಿಸುತ್ತಿದ್ದ ಬ್ರಿಟಿಷ್ ಯುವಕ ಟಾಮ್ ಹರ್ನ್‌ಡಾಲ್ ತಲೆಗೆ ಗುಂಡು ತಿಂದು, 2004ರ ಜನವರಿಯಲ್ಲಿ ಸತ್ತ. ಶಸ್ತ್ರಧಾರಿಯೊಬ್ಬನಿಗೆ ಹೊಡೆದೆನೆಂದು ಸೈನಿಕ ಮೊದಲು ಹೇಳಿದ್ದ. ಹುಡುಗನ ತಂದೆ ವಕೀಲರು. ತಾವೇ ಅಲ್ಲಿಗೆ ಹೋಗಿ ಸಾಕ್ಷಿಗಳ ಹೇಳಿಕೆ ಸಂಗ್ರಹಿಸಿದರು, ಬ್ರಿಟನ್ ಸರ್ಕಾರದ ಮೇಲೆ ಒತ್ತಡ ತಂದರು. 2005ರಲ್ಲಿ ಸೈನಿಕನಿಗೆ ನರಹತ್ಯೆಗಾಗಿ 8 ವರ್ಷದ ಶಿಕ್ಷೆಯಾಯಿತು. ಇದೇ ರಫಾದಲ್ಲಿ ಹರ್ನ್‌ಡಾಲ್‌ಗೆ ಗುಂಡು ತಗುಲುವ ಮೊದಲೇ, 2003ರ ಮಾರ್ಚ್ 16ರಂದು, ಮನೆ ಕೆಡವುವುದನ್ನು ತಡೆಯಲು ನಿಂತಿದ್ದ 23 ವರ್ಷದ ಅಮೆರಿಕದ ರೇಚೆಲ್ ಕೋರಿ ಸೇನೆಯ ಬುಲ್ಡೋಜರ್ ಅಡಿ ಸಿಕ್ಕು ಸತ್ತಿದ್ದಳು. ಚಾಲಕನಿಗೆ ಕಾಣಲಿಲ್ಲವೆಂದು ಸೇನೆ ಹೇಳಿತು. ತಂದೆ ತಾಯಿ ಹೂಡಿದ ಸಿವಿಲ್ ದಾವೆಯಲ್ಲಿ 2012ರ ಆಗಸ್ಟ್ 28ರಂದು ಹೈಫಾ ನ್ಯಾಯಾಲಯ ಇದು ವಿಷಾದಕರ ಅಪಘಾತವೆಂದೂ, ಯುದ್ಧ ಕಾರ್ಯಾಚರಣೆಯ ಭಾಗವಾದ್ದರಿಂದ ಸರ್ಕಾರ ಹೊಣೆಯಲ್ಲವೆಂದೂ ಹೇಳಿತು. 2015ರ ಫೆಬ್ರವರಿ 12ರಂದು ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಜಾ ಮಾಡಿತು. ಬಲಾಢ್ಯ ದೇಶದ ಪಾಸ್‌ಪೋರ್ಟ್ ಇದ್ದ ಇಬ್ಬರ ಕಥೆಯೇ ಹೀಗೆ ಕವಲೊಡೆಯುವಾಗ, ಪಾಸ್‌ಪೋರ್ಟ್ ಇಲ್ಲದವರ ಕಡತ ಎಷ್ಟು ದೂರ ಹೋಗಬಲ್ಲದು ಎಂದು ವಿದ್ಯಾರ್ಥಿಗಳೇ ಕೇಳುತ್ತಾರೆ. 'ಯುದ್ಧ ಕಾರ್ಯಾಚರಣೆ' ಎಂಬ ಎರಡು ಶಬ್ದಗಳ ಕೆಳಗೆ ಗೆರೆ ಎಳೆಯಿರಿ. ಪರಿಹಾರದ ದಾವೆಗಳು ಬಹಳ ಸಲ ಮುಗಿಯುವುದು ಅಲ್ಲಿಯೇ.

ಗಾಜಾ ಬೇರೆಯೇ ಅಧ್ಯಾಯ, ಅದನ್ನು ಪಶ್ಚಿಮ ದಂಡೆಯ ನಿಯಮದಿಂದ ಓದಬೇಡಿ. 2018ರ ಮಾರ್ಚ್ 30ರಿಂದ ಗಾಜಾ–ಇಸ್ರೇಲ್ ಗಡಿಬೇಲಿಯ ಬಳಿ, ಹಿಂದೆ ಬಿಟ್ಟುಬಂದ ಊರುಗಳಿಗೆ ಮರಳುವ ಹಕ್ಕು ಕೇಳಿ ನಡೆದ ಮರಳುವಿಕೆಯ ಮೆರವಣಿಗೆಗಳಲ್ಲಿ ಆ ವರ್ಷದ ಕೊನೆಯ ತನಕ 189 ಜನ ಸತ್ತರೆಂದೂ, 183 ಜನರನ್ನು ಕೊಂದದ್ದು ಜೀವಂತ ಗುಂಡೆಂದೂ ವಿಶ್ವಸಂಸ್ಥೆಯ ತನಿಖಾ ಆಯೋಗ 2019ರ ಫೆಬ್ರವರಿಯಲ್ಲಿ ವರದಿ ಮಾಡಿತು. ಹಮಾಸ್ ಈ ಗುಂಪುಗಳನ್ನು ಮುಂದೆ ಬಿಟ್ಟು ಬೇಲಿ ದಾಟಲು ಯತ್ನಿಸಿತು ಎಂದು ಇಸ್ರೇಲ್ ವಾದಿಸಿ ವರದಿಯನ್ನು ತಿರಸ್ಕರಿಸಿತು. ಗುಂಡು ಹಾರಿಸುವ ನಿಯಮಗಳನ್ನು ಪ್ರಶ್ನಿಸಿದ ಅರ್ಜಿಗಳನ್ನು ಇಸ್ರೇಲಿನ ಸುಪ್ರೀಂ ಕೋರ್ಟ್ 2018ರ ಮೇ 24ರಂದೇ ವಜಾ ಮಾಡಿತ್ತು. ಇಲ್ಲಿ ಅಳೆಯುವ ಗೋಲು ಒಂದಿದೆ: ಕಾನೂನು ಜಾರಿ ಸಿಬ್ಬಂದಿಯ ಬಂದೂಕು ಬಳಕೆಯ ಬಗ್ಗೆ ವಿಶ್ವಸಂಸ್ಥೆ 1990ರಲ್ಲಿ ಒಪ್ಪಿದ ತತ್ವಗಳು. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಉದ್ದೇಶಪೂರ್ವಕವಾಗಿ ಮಾರಕ ಗುಂಡು ಹಾರಿಸಬಹುದು ಎಂದು ಅವು ಹೇಳುತ್ತವೆ. ಇದು ಪ್ರತಿಭಟನೆಯೋ ಯುದ್ಧವೋ ಎಂಬ ಒಂದೇ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಉಳಿದೆಲ್ಲ ವಾದ ನಿಂತಿದೆ.

ದೇಶದೊಳಗಿನ ಬಾಗಿಲು ಮುಚ್ಚಿದರೆ ಹೊರಗೊಂದಿದೆ. ಪ್ಯಾಲೆಸ್ಟೀನ್ 2015ರ ಏಪ್ರಿಲ್ 1ರಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ. ಅಲ್ಲಿನ ಪ್ರಾಸಿಕ್ಯೂಟರ್ 2021ರ ಮಾರ್ಚ್ 3ರಂದು ತನಿಖೆ ತೆರೆದರು. ಇಸ್ರೇಲ್ ಸದಸ್ಯನಲ್ಲ, ಭಾರತವೂ ಅಲ್ಲ. ದೇಶದ ನ್ಯಾಯಾಲಯ ನಿಜವಾಗಿ ವಿಚಾರಣೆ ಮಾಡುತ್ತಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯ ಕೈ ಹಾಕುವುದಿಲ್ಲ, ಆದ್ದರಿಂದ ಒಳಗಿನ ತನಿಖೆಯ ಗುಣಮಟ್ಟವೇ ಅಲ್ಲಿಯೂ ಮುಖ್ಯ ಸಾಕ್ಷ್ಯ. ನಮ್ಮಲ್ಲಿಯೂ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರುವ ಕಡೆ ಕೇಂದ್ರದ ಅನುಮತಿ ಇಲ್ಲದೆ ಸೈನಿಕನ ಮೇಲೆ ಮೊಕದ್ದಮೆ ನಡೆಯದು ಎಂಬುದನ್ನು, ಮಣಿಪುರದ ಸಾವುಗಳ ಬಗ್ಗೆ ನಮ್ಮ ಸುಪ್ರೀಂ ಕೋರ್ಟ್ 2016ರಲ್ಲಿ ಕೇಳಿದ ಪ್ರಶ್ನೆಗಳನ್ನು, ಇದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆಸುತ್ತೇನೆ.

ಅದೇ ಗೋಲಿನಿಂದ ಪಶ್ಚಿಮ ದಂಡೆಯ ಕೆಲವು ಭಾಗಗಳ ಆಡಳಿತ ನೋಡುವ ಪ್ಯಾಲೆಸ್ಟೀನಿ ಪ್ರಾಧಿಕಾರವನ್ನೂ ಅಳೆಯಬೇಕು. 2021ರ ಜೂನ್ 24ರಂದು ಪ್ರಾಧಿಕಾರದ ಟೀಕಾಕಾರ ನಿಜಾರ್ ಬನಾತ್ ಅವರನ್ನು ಅದರದೇ ಭದ್ರತಾ ಸಿಬ್ಬಂದಿ ಬಂಧಿಸುವಾಗ ಹೊಡೆದು, ಅವರು ಸತ್ತರು. ಆ ಕಡತಕ್ಕೂ ಒಂದು ನೋಟ್‌ಬುಕ್ ಇದೆ, ಅದನ್ನು ಇಟ್ಟವಳು ರಾಣೆಬೆನ್ನೂರಿನ ಹುಡುಗಿ.

ವಿಡಿಯೊಗಳ ವಿಷಯದಲ್ಲಿ ಒಂದೇ ಮಾತು. ನಮ್ಮ ಗುಂಪಿಗೆ ಒಮ್ಮೆ ಬಂದ ದೃಶ್ಯವೊಂದನ್ನು ಎಲ್ಲರೂ ಅತ್ತುಕೊಂಡು ಹಂಚಿದರು, ಆಮೇಲೆ ಅದು ಬೇರೆಯೇ ದೇಶದ ಹಳೆಯ ದೃಶ್ಯವೆಂದು ತಿಳಿಯಿತು. ನಿಜವಾದ ಸಾವುಗಳಿಗೆ ಅದಕ್ಕಿಂತ ದೊಡ್ಡ ಹಾನಿ ಇಲ್ಲ. ಅಂದಿನಿಂದ ಸ್ಥಳ, ದಿನ, ಚಿತ್ರಿಸಿದವರು ಈ ಮೂರೂ ಗೊತ್ತಾಗುವ ತನಕ ಯಾವ ವಿಡಿಯೊವನ್ನೂ ಪುಟಕ್ಕೆ ಸೇರಿಸುವುದಿಲ್ಲ.

ಈಗ ತೆರೆದಿರುವ ಪುಟ ಐಷೆನೂರ್ ಎಜ್ಗಿ ಐಗಿಯದು. ತುರ್ಕಿ ಮೂಲದ ಅಮೆರಿಕನ್, 26 ವರ್ಷ, 2024ರ ಸೆಪ್ಟೆಂಬರ್ 6ರಂದು ನಬ್ಲಸ್ ಬಳಿಯ ಬೈತಾ ಗ್ರಾಮದ ಪ್ರತಿಭಟನೆಯ ನಂತರ ತಲೆಗೆ ಗುಂಡು. ಸೆಪ್ಟೆಂಬರ್ 10ರಂದು ಸೇನೆಯ ಹೇಳಿಕೆ: ಗಲಭೆಯ ಮುಖ್ಯ ಪ್ರಚೋದಕನಿಗೆ ಗುರಿಯಿಟ್ಟ ಗುಂಡು ಪರೋಕ್ಷವಾಗಿ, ಉದ್ದೇಶವಿಲ್ಲದೆ ತಗುಲಿರುವ ಸಾಧ್ಯತೆ ಬಹಳ. ಈ ವಾಕ್ಯವನ್ನು ನರಗುಂದದ ಹುಡುಗ ಕೆಂಪು ಶಾಯಿಯಲ್ಲಿ ಬರೆದು, 'ಪರೋಕ್ಷವಾಗಿ' ಎಂಬುದರ ಸುತ್ತ ವೃತ್ತ ಹಾಕಿದ್ದಾನೆ. ಅದರ ಕೆಳಗೆ ತಾರೀಖಿಗೊಂದು, ಹೇಳಿಕೆಗೊಂದು ಅಂಕಣ ಎಳೆದು ಅರ್ಧ ಪುಟ ಖಾಲಿ ಬಿಟ್ಟಿದ್ದಾನೆ, ಮಾರ್ಚ್ ಮತ್ತು ಸೆಪ್ಟೆಂಬರ್‌ನ ಮೊದಲ ಭಾನುವಾರ ನಾವು ಆ ಪುಟವನ್ನು ತೆರೆಯುತ್ತೇವೆ.